ಧರೆ ಬದಿಯ ಜಲಕ್ಕೆ ದಾರಿ ಮಾಡಿಕೊಟ್ಟೆವು

ತೀರ್ಥಹಳ್ಳಿ ಕಡೆ ಗುಡ್ಡದ ಮನೆ ಅಂದಮೇಲೆ ಹಿಂದೊಂದು ಧರೆ, ಅಂದರೆ ಗುಡ್ಡ ಕಡಿದ ಕಡಿದಾದ ಮಣ್ಣಿನ ಬದಿ, ಇದ್ದೇ ಇರುತ್ತದೆ. ನಮ್ಮ ನೆಲಮಾಳಿಗೆಯ ಒಂದು ಗೋಡೆ ಪೂರ್ತಿ ಆ ಮಣ್ಣಿನೊಳಗೇ ಇದೆ. ಅಡಿಕೆ ಚೀಲ ಇಡುವ ಜಾಗ. ಪುಷ್ಯ ಮಳೆ ಹಿಡಿಯಿತೆಂದರೆ ಅಲ್ಲಿ ಜಲ ಏಳುತ್ತಿತ್ತು.

ಒಳಗಿನಿಂದ ವಾಟರ್‌ಪ್ರೂಫ್ ಬಳಿಸಿ ಅಂದವರೇ ಜಾಸ್ತಿ. ನನಗೆ ಒಪ್ಪಿಗೆಯಾಗಲಿಲ್ಲ. ನೀರು ಹಿಂದಿನಿಂದ ಒತ್ತುತ್ತಿದ್ದರೆ ಒಳಗೆ ಬಳಿದ ಬಣ್ಣ ಹೆಚ್ಚಾಗಿ ಹಪ್ಪಳದ ಹಾಗೆ ಉಬ್ಬಿ ಏಳುತ್ತದೆ. ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಂದರೂ ಗೋಡೆ ಬುಡ ಒಸರುತ್ತಲೇ ಇತ್ತು. ಅಂದರೆ ಇದು ಮಾಡಿನ (ಚಾವಣಿಯ) ನೀರಲ್ಲ, ಗುಡ್ಡದ್ದು. ಮೇಲಿನ ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಸಲೀಸಾಗಿ ಇಳಿಯುತ್ತದೆ. ಅಡಿಯ ಶೇಡಿ ಮಣ್ಣು (ನುಣುಪಾದ ಬಿಳಿ ಜೇಡಿ) ಅದನ್ನು ಬಿಡುವುದಿಲ್ಲ. ಆಗ ನೀರು ಅಡ್ಡಕ್ಕೆ ಹರಿದು ಗೋಡೆಗೆ ಬಂದು ನಿಲ್ಲುತ್ತದೆ. ತೋಟದಲ್ಲಿ ಕಪ್ಪು, ಅಂದರೆ ನೀರು ಬಸಿಯುವ ಚರಂಡಿ, ತೆಗೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಮನೆಗೂ ಒಂದು ಬಸಿಗಾಲುವೆ ಬೇಕಿತ್ತು, ಅಷ್ಟೇ.

ಬೇಸಿಗೆಯಲ್ಲೇ ತೋಡಿಸಿದೆವು. ಗೋಡೆಯಿಂದ 3 ಅಡಿ ಆಚೆ, ನೆಲಮಾಳಿಗೆಯ ನೆಲಕ್ಕಿಂತ ಅರ್ಧ ಅಡಿ ಆಳಕ್ಕೆ. ಪಾಯದ ತಳಕ್ಕಿಂತ ಕೆಳಗೆ ಮಾತ್ರ ಇಳಿಯಲಿಲ್ಲ, ಪಾಯವೇ ಸಡಿಲಾದೀತು. ಧರೆ ಜರಿಯುವ ಭಯಕ್ಕೆ ತುಂಡು ತುಂಡಾಗಿ ತೆಗೆದು, ಬದಿಗೆ ಹಲಗೆ ಕೊಟ್ಟು, ತಗ್ಗಿನ ತುದಿಯಿಂದ ಮೇಲಕ್ಕೆ ಬಂದೆವು. ಇಳಿಜಾರು 8 ಅಡಿಗೆ 1 ಇಂಚು. ನೀರು ತುಂಬಿದ ಲೆವೆಲ್ ಟ್ಯೂಬ್ ಹಿಡಿದೇ ನೋಡಿದ್ದು, ಕಣ್ಣಂದಾಜಲ್ಲ.

ಕಾಲುವೆಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, 20 ಎಂಎಂ ಜಲ್ಲಿ ಹಾಕಿ, ಮೇಲೆ ತೂತು ಕೊರೆದ 4 ಇಂಚಿನ ಪಿವಿಸಿ ಪೈಪು ಇಟ್ಟೆವು. ಬಟ್ಟೆ ಇಲ್ಲದಿದ್ದರೆ ಶೇಡಿ ಬಂದು ಜಲ್ಲಿ ಕಟ್ಟಿಕೊಳ್ಳುತ್ತದೆ. ತೂತು ಕೆಳಮುಖವಾಗಿರಲಿ ಅಂದೆ. 'ನೀರು ಮೇಲಿಂದ ಬರೋದಲ್ವಾ ಸಾರ್?' ಅಂದರು ಮೇಸ್ತ್ರಿ. ಜಲ ತುಂಬುವುದು ತಳದಿಂದ. ತೂತು ಮೇಲಿದ್ದರೆ ಪೈಪು ಮುಳುಗುವ ತನಕ ನೀರು ಒಳಗೇ ಹೋಗುವುದಿಲ್ಲ ಅಂದ ಮೇಲೆ ಒಪ್ಪಿದರು. ಮೇಲಷ್ಟು ಜಲ್ಲಿ ತುಂಬಿ, ಬಟ್ಟೆ ಮಡಚಿ, ಜೇಡಿ ಮಣ್ಣು ಹಾಕಿ ದಮ್ಮಸ್ ಮಾಡಿದೆವು. ಮಾಡಿನ ಅಂಚಿನ ದೋಣಿಯಲ್ಲಿ (ಮಳೆನೀರು ಹಿಡಿಯುವ ಕಾಲುವೆಯಲ್ಲಿ) ಬರುವ ನೀರಿಗೆ ಬೇರೆಯೇ ಪೈಪು. ಅದನ್ನು ಇದಕ್ಕೆ ಸೇರಿಸಿದರೆ ಗುಡ್ಡದ ನೀರಿನ ಜೊತೆ ಮಾಡಿನ ನೀರನ್ನೂ ನಾವೇ ಪಾಯಕ್ಕೆ ಕುಡಿಸಿದಂತೆ.

ಕೆಳಗಿನ ತುದಿಯನ್ನು ತೋಟದ ಕಪ್ಪಿಗೆ ಬಿಟ್ಟಿದ್ದೇವೆ. ಏಡಿ, ಇಲಿ ಹೊಗದಂತೆ ಬಾಯಿಗೆ ಜಾಲರಿ. ಮೇಲಿನ ತುದಿಯಲ್ಲಿ ಮುಚ್ಚಳವಿರುವ ನಿಲುವು ಪೈಪು ಇದೆ, ವರ್ಷಕ್ಕೊಮ್ಮೆ ಅಲ್ಲಿಂದ ನೀರು ಬಿಟ್ಟು ತೊಳೆಯಲಿಕ್ಕೆ.

ಈಗ ನೆಲದಲ್ಲಿ ಜಲ ಏಳುವುದಿಲ್ಲ. ಒಂದು ಮೂಲೆಯಲ್ಲಿ ಬಂಡೆ ಸಿಕ್ಕಿ ತೋಡಲಾಗಲಿಲ್ಲ, ಅಲ್ಲಿ ಇನ್ನೂ ಥಂಡಿ ಇದೆ. ಆ ಮೂಲೆಯ ಚೀಲಗಳಿಗೆ ಹಲಗೆಯ ಅಟ್ಟಣಿಗೆ ಮಾಡಿಸಿದ್ದೇನೆ.