ಅಂಗೈಯಗಲದ ಕಾರ್ಡಿಗೆ ಮಸಿ ಕುಡಿಸಿದ್ದು

ಬ್ಯಾಂಡೇಜ್ ಬಟ್ಟೆಯ ತುಂಡೊಂದನ್ನು ಎಳೆ ಎಳೆಯಾಗಿ ಸಡಿಲಿಸಿ ಕಾಗದಕ್ಕೆ ಅಂಟಿಸಿ, ಬಿಳಿ ಲೇಪ ಬಳಿದು, ಒಣಗಿದ ಮೇಲೆ ತೆಳುವಾದ ಕಪ್ಪು ಮಸಿಯನ್ನೂ ಒಂದೆರಡು ಹನಿ ಹಸಿರನ್ನೂ ಹರಿಯಬಿಟ್ಟೆ. ಒದ್ದೆ ಬಟ್ಟೆಯಿಂದ ಹಗುರವಾಗಿ ಸವರಿದಾಗ ನೂಲಿನ ನೆತ್ತಿ ಬೆಳ್ಳಗಾಯಿತು, ಬುಡದಲ್ಲಿ ಮಸಿ ನಿಂತಿತು. ಬಸವನಗುಡಿಯ ನಮ್ಮ ಮನೆಯ ಊಟದ ಮೇಜನ್ನು ಹಾದುಹೋಗುತ್ತಿದ್ದ ಅತ್ತೆ ಬಗ್ಗಿ ನೋಡಿ, "ಇದು ನಮ್ಮ ತೀರ್ಥಹಳ್ಳಿ ಮನೆಯ ಹಿತ್ತಲ ಗೋಡೆ ಅಲ್ಲವೇನಮ್ಮಾ?" ಎಂದರು. ನಾನಿನ್ನೂ ಅದರ ಮೇಲೆ ಒಂದು ಗೆರೆಯನ್ನೂ ಎಳೆದಿರಲಿಲ್ಲ.

ನಾನು ಮಾಡುವ ಚಿತ್ರದ ಕಾರ್ಡುಗಳು ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ, ಇಸ್ಪೀಟ್ ಎಲೆಯಷ್ಟು. ಈ ಅಳತೆಯ ಕಾರ್ಡುಗಳನ್ನು ಮಾರದೆ, ಕಲಾವಿದರು ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳುವ ಪದ್ಧತಿಯನ್ನು 1997ರಲ್ಲಿ ಜ್ಯೂರಿಕ್ ನಗರದಲ್ಲಿ ವಾಂಚಿ ಸ್ಟಿರ್ನೆಮನ್ ಎಂಬ ಕಲಾವಿದರು ಆರಂಭಿಸಿದರು. ಪ್ರತಿ ವರ್ಷ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿ, ದೊಡ್ಡ ಕ್ಯಾನ್ವಾಸುಗಳನ್ನು ಕಣ್ತುಂಬಿಕೊಂಡು, ಎರಡು ಕೋಣೆಯ ಮನೆಯಲ್ಲಿ ಅದಕ್ಕೆಲ್ಲ ಜಾಗವೆಲ್ಲಿ ಎಂದು ಸುಮ್ಮನಾಗುತ್ತಿದ್ದವಳಿಗೆ ಈ ಅಳತೆ ವರವಾಯಿತು.

ಕಾಗದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಜಲವರ್ಣದ ಹಾಳೆ ಸಾಕು. ಅವೆನ್ಯೂ ರಸ್ತೆಯಿಂದ ಮದುವೆ ಕಾರ್ಡಿನ ಮಿರುಗುವ ರಟ್ಟನ್ನು ತಂದು ನೋಡಿದ್ದೆ. ಮಸಿ ಅದರ ಮೇಲೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿತು.

ನನ್ನ ಮಟ್ಟಿಗೆ ಇಡೀ ಕೆಲಸ ನಿಂತಿರುವುದು ಬಿಳಿ ಲೇಪದ ಹದದ ಮೇಲೆ. ಅಂಗಡಿಯಲ್ಲಿ ಜೆಸ್ಸೊ ಎಂಬ ಹೆಸರಿನಲ್ಲಿ ಸಿಗುತ್ತದೆ. ನಾನು ಮನೆಯಲ್ಲೇ ಕಲಸಿಕೊಳ್ಳುತ್ತೇನೆ: ಎರಡು ಚಮಚ ಜರಡಿ ಹಿಡಿದ ಚಾಕ್ ಪುಡಿ, ಒಂದು ಚಮಚ ಫೆವಿಕಾಲ್, ಒಂದು ಚಮಚ ನೀರು, ಅರ್ಧ ಚಮಚ ಬಿಳಿ ಅಕ್ರಿಲಿಕ್ ಬಣ್ಣ. ದೋಸೆ ಹಿಟ್ಟಿಗಿಂತ ತುಸು ಗಟ್ಟಿಯಾಗಿರಬೇಕು. ಪುಡಿ ಹೆಚ್ಚಾದರೆ ಲೇಪ ಮಸಿಯನ್ನು ಗಟಗಟನೆ ಕುಡಿದುಬಿಡುತ್ತದೆ, ಉಬ್ಬು ತಗ್ಗು ಎರಡೂ ಒಂದೇ ಬಣ್ಣವಾಗುತ್ತವೆ. ಅಂಟು ಹೆಚ್ಚಾದರೆ ಮಸಿ ಹನಿಹನಿಯಾಗಿ ಮೇಲೆಯೇ ಕೂರುತ್ತದೆ. ಎರಡರ ನಡುವಿನ ಹದ ಸಿಕ್ಕಿದಾಗ ಮಾತ್ರ ಮಸಿ ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ. ಒರಟುತನ ಬೇಕಾದಲ್ಲಿ ಒಂದು ಚಿಟಿಕೆ ರಂಗೋಲಿ ಪುಡಿ ಉದುರಿಸುತ್ತೇನೆ. ಹರಿದ ಸೊಳ್ಳೆ ಪರದೆಯನ್ನು ಹಸಿ ಲೇಪದ ಮೇಲೆ ಒತ್ತಿ ಎತ್ತಿದರೆ ಜೇನುಗೂಡಿನಂಥ ಗುರುತು ಮೂಡುತ್ತದೆ. ಹಾಳೆ ಬಿಲ್ಲಿನಂತೆ ಬಾಗದಿರಲು ಹಿಂಬದಿಗೂ ಒಂದು ತೆಳು ಕೈ ಬಳಿಯುವುದನ್ನು ನಾನು ಈಗ ಮರೆಯುವುದಿಲ್ಲ. ಜುಲೈ ತಿಂಗಳ ಜಿಟಿಜಿಟಿಯಲ್ಲಿ ದಪ್ಪ ಲೇಪ ಒಣಗಲು ಒಂದಿಡೀ ದಿನ ಬೇಕು. ಹೇರ್ ಡ್ರೈಯರ್ ಹಿಡಿದು ಅವಸರಪಡಿಸಿದಾಗಲೆಲ್ಲ ಮೇಲ್ಪದರ ಬಿಗಿದು ಒಳಗೆ ಹಸಿಯಾಗಿಯೇ ಉಳಿದು, ಮಸಿ ಬಿದ್ದೊಡನೆ ಸಿಪ್ಪೆ ಎದ್ದಿದೆ.

ಮೊದಮೊದಲು ಫೌಂಟನ್ ಪೆನ್ನಿನ ನೀಲಿ ಶಾಯಿಯನ್ನೇ ಬಳಸುತ್ತಿದ್ದೆ. ಅದರ ಚೆಲುವು ದೊಡ್ಡದು. ಒಂದು ಹನಿ ನೀರು ಬಿದ್ದರೆ ಅಂಚಿನಲ್ಲಿ ನೇರಳೆಯ ನೆರಳು ಬಿಡುತ್ತದೆ. ಆದರೆ ಹೂವಿನ ಚಿತ್ರವೊಂದನ್ನು ಅಂಟಿಸಿ ಮೇಲೆ ತೆಳು ಫೆವಿಕಾಲ್ ಬಳಿದ ಕೂಡಲೇ ನೀಲಿಯೆಲ್ಲ ಎದ್ದು ಹೂವಿನೊಳಗೆ ಹರಿದುಹೋಯಿತು. ಮೂರು ಸಂಜೆಗಳ ಕೆಲಸ ಕಣ್ಣೆದುರೇ ಕಲಸಿಹೋದಾಗ ಅಳು ಬಂದಿತ್ತು. ಅಕ್ಕನಿಗೆ ಕೊಟ್ಟಿದ್ದ ಇನ್ನೊಂದು ಕಾರ್ಡು ಅವಳ ಕಿಟಕಿಯ ಬಿಸಿಲಿಗೆ ವರ್ಷದೊಳಗೆ ಬಿಳಿಚಿಕೊಂಡಿತು. ಈಗ ನೀರಿಗೆ ಕದಡದ ಇಂಡಿಯನ್ ಇಂಕ್ ಮಾತ್ರ ಬಳಸುತ್ತೇನೆ. ಅದರ ಕಪ್ಪು ಇಂಗಾಲದ್ದು, ಬಿಸಿಲಿಗೆ ಜಗ್ಗುವುದಿಲ್ಲ. ಇಂಥ ಮಸಿಗಳಲ್ಲಿ ಹಲವಕ್ಕೆ ನೀರು ತಡೆಯುವ ಗುಣ ಬರುವುದು ಶೆಲ್ಯಾಕ್‌ನಿಂದ, ಅಂದರೆ ಅರಗಿನಿಂದ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗು. ಇದನ್ನು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅರಗು ಇರುವುದರಿಂದಲೇ ಈ ಮಸಿಯನ್ನು ಫೌಂಟನ್ ಪೆನ್ನಿಗೆ ತುಂಬಬಾರದು, ನಿಬ್ಬಿಗೆ ಶಾಯಿ ಹರಿಸುವ ನಾಲಗೆ ಕಟ್ಟಿಕೊಳ್ಳುತ್ತದೆ. ಬೇಗ ಒಣಗುವುದರಿಂದ ಒರೆಸುವುದನ್ನೂ ಅರ್ಧ ನಿಮಿಷದೊಳಗೆ ಮುಗಿಸಬೇಕು.

ಕಾರ್ಡುಗಳನ್ನು ಮೊದಲೇ ಕತ್ತರಿಸಿಟ್ಟುಕೊಂಡು ಒಂದೊಂದಕ್ಕೇ ಹಿನ್ನೆಲೆ ಮಾಡುವುದನ್ನು ನಾನು ಬಿಟ್ಟಿದ್ದೇನೆ. ಎ4 ಹಾಳೆಯಿಡೀ ಮಸಿ ಹರಿಸಿ, ಕಾರ್ಡಿನ ಅಳತೆಗೆ ಕಿಟಕಿ ಕೊರೆದ ರಟ್ಟನ್ನು ಅದರ ಮೇಲೆ ನಿಧಾನವಾಗಿ ಸರಿಸುತ್ತಾ ಹೋಗುತ್ತೇನೆ. ಲೆಕ್ಕದ ಪ್ರಕಾರ ಒಂಬತ್ತು ಕಾರ್ಡು ಸಿಗಬೇಕು. ಮನಸ್ಸಿಗೆ ಒಪ್ಪುವುದು ಐದೋ ಆರೋ. ಉಳಿದ ಚೂರುಗಳನ್ನು ಬೇರೆ ಕಾರ್ಡಿಗೆ ಅಂಟಿಸಲು ಡಬ್ಬದಲ್ಲಿಡುತ್ತೇನೆ. ಬಸ್ ಟಿಕೆಟ್ ಅಂಟಿಸುವ ಆಸೆಯಿದ್ದರೆ ಒಂದು ಎಚ್ಚರ: ಯಂತ್ರದಿಂದ ಬರುವ ಟಿಕೆಟ್ ಬಿಸಿ ತಾಗಿದರೆ ಕಪ್ಪಾಗುವ ಕಾಗದ. ಅದರ ಬದಲು ನೆರಳಚ್ಚು ತೆಗೆಸಿ ಅಂಟಿಸುವುದು ಮೇಲು.

ಅತ್ತೆಯ ಗೋಡೆಯನ್ನೂ ಹಾಗೆಯೇ ಕಿಟಕಿಯಿಟ್ಟು ಹುಡುಕಿ ಕತ್ತರಿಸಿದೆ. ಏನು ಬರೆಯಲಿ ಎಂದು ಕೇಳಿದ್ದಕ್ಕೆ, "ಮಳೆಗಾಲದಲ್ಲಿ ಬಸವನಹುಳು ಹತ್ತುತ್ತಿತ್ತು" ಎಂದರು. ನಿಬ್ ನೂಲಿಗೆ ಸಿಕ್ಕಿಕೊಳ್ಳುತ್ತಿದ್ದುದರಿಂದ ಸೊನ್ನೆ ನಂಬರಿನ ಕುಂಚದಲ್ಲಿ ಕಂದು ಬಣ್ಣದ ಹುಳುವೊಂದನ್ನು ಬರೆದೆ. ಅದು ಬಂದ ದಾರಿಗೆ ಬಣ್ಣ ಹಾಕಲಿಲ್ಲ. ಟೂತ್‌ಪಿಕ್ ತುದಿಯಲ್ಲಿ ಫೆವಿಕಾಲ್ ಅದ್ದಿ ಕೆಳಗಿನಿಂದ ಮೇಲಕ್ಕೆ ಒಂದು ಗೆರೆ ಎಳೆದೆ. ಬೆಳಿಗ್ಗೆ ಅತ್ತೆ ಕಾರ್ಡನ್ನು ದೀಪದ ಬೆಳಕಿಗೆ ಓರೆಯಾಗಿ ಹಿಡಿದರು; ಅಂಟು ಪಾರದರ್ಶಕವಾಗಿ ಒಣಗಿ, ಗೋಡೆಯ ಮೇಲೆ ಲೋಳೆಯ ದಾರಿ ಮಿನುಗುತ್ತಿತ್ತು.