ಚೌಕಿಯಲ್ಲಿ ಡೈಲಿ ಲೆನ್ಸ್: ನನ್ನ ಅನುಭವ

ತೆಂಕುತಿಟ್ಟು ಯಕ್ಷಗಾನದಲ್ಲಿ ಪುಂಡುವೇಷ (ಅಭಿಮನ್ಯುವಿನಂಥ ತರುಣ ವೀರರ ಪಾತ್ರ) ಮಾಡುವ, ಆದರೆ ಕನ್ನಡಕವಿಲ್ಲದೆ ಕಣ್ಣು ಕಾಣದ ಹವ್ಯಾಸಿಗಳಿಗೆ ವರ್ಷವಿಡೀ ಬಳಸುವ ಇಯರ್ಲಿ ಕಾಂಟ್ಯಾಕ್ಟ್ ಲೆನ್ಸಿಗಿಂತ ಡೈಲಿ ಲೆನ್ಸೇ ಅಗ್ಗ ಎಂದು ನಾನು ಹೇಳಿದಾಗ ನಮ್ಮ ಸಂಘದಲ್ಲಿ ಯಾರೂ ಒಪ್ಪಿರಲಿಲ್ಲ. ಒಂದು ರಾತ್ರಿ ಹಾಕಿ ಎಸೆಯುವ ವಸ್ತುವಿಗೆ ನೂರು ರೂಪಾಯಿ ಸುರಿಯುವುದು ದುಂದು ಎಂಬುದು ಹಿರಿಯರ ವಾದವಾಗಿತ್ತು. ದೊಂದಿಯ (ಪಂಜಿನ) ಕಾವಿಗೆ ಲೆನ್ಸ್ ಕರಗಿ ಕಣ್ಣಿಗೆ ಅಂಟಿಕೊಳ್ಳುತ್ತದೆ ಎಂದು ಹೆದರಿಸಿದವರೂ ಇದ್ದರು. ಈಗ ಅದೇ ಸಂಘದ ನಾಲ್ಕೈದು ಮಂದಿ ನನ್ನ ಕ್ರಮವನ್ನೇ ಅನುಸರಿಸುತ್ತಿದ್ದಾರೆ.

ನನ್ನ ಕನ್ನಡಕದ ಪವರ್ ಎರಡೂ ಕಣ್ಣಿಗೆ ಮೈನಸ್ 4.50, ಲೆನ್ಸಿನಲ್ಲಿ ಅದು 4.25 ಆಗುತ್ತದೆ. ಬರಿಗಣ್ಣಿಗೆ ಒಂದು ಗೇಣಿನಾಚೆಗೆ ಎಲ್ಲವೂ ಮಸುಕು. ಎದುರು ವೇಷಧಾರಿಯ ಕಣ್ಸನ್ನೆ ಕಾಣದೆ, ರಂಗಸ್ಥಳದ ಅಂಚು ತಿಳಿಯದೆ ದಿಗಿಣ ಹಾರುವುದು (ಗಿರಕಿ ಹೊಡೆಯುತ್ತ ನೆಗೆಯುವುದು) ಎಷ್ಟು ಅಪಾಯ ಎಂಬುದನ್ನು ವೇಷ ಕಟ್ಟಿದವರಿಗೆ ವಿವರಿಸಬೇಕಾಗಿಲ್ಲ.

ಮೊದಲು ಕೊಂಡದ್ದು ಇಯರ್ಲಿ ಲೆನ್ಸ್, ಜೋಡಿಗೆ ಸುಮಾರು ₹2,000. ನನಗೆ ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ ತಿಂಗಳಿಗೆ ಐದಾರು ಆಟ (ಪ್ರದರ್ಶನ). ಮಳೆಗಾಲದಲ್ಲಿ ತಾಳಮದ್ದಲೆ ಮಾತ್ರ. ವೇಷವಿಲ್ಲದ ಅಲ್ಲಿಗೆ ಕನ್ನಡಕವೇ ಸಾಕು. ಹೀಗಾಗಿ ಲೆನ್ಸ್ ವರ್ಷದ ಬಹುಪಾಲು ಡಬ್ಬಿಯಲ್ಲೇ ಕಳೆಯುತ್ತಿತ್ತು, ಆದರೆ ಅದನ್ನು ಮುಳುಗಿಸಿಡುವ ಸಲ್ಯೂಷನ್ನಿನ ಖರ್ಚು ನಿಲ್ಲುತ್ತಿರಲಿಲ್ಲ. ₹400ರ ಆಸುಪಾಸಿನ ಬಾಟಲಿಯನ್ನು ತೆರೆದ ಮೂರು ತಿಂಗಳಿಗೆ, ಅರ್ಧ ಉಳಿದಿದ್ದರೂ, ಚೆಲ್ಲಬೇಕು. ಕಣ್ಣೀರಿನ ಪ್ರೋಟೀನು ಲೆನ್ಸಿನ ಮೇಲೆ ಕಟ್ಟುವುದು ಎಲ್ಲರಿಗೂ ಇದ್ದದ್ದೇ. ನಮಗೆ ಅದರ ಜೊತೆಗೆ ಮುಖಕ್ಕೆ ಹಚ್ಚುವ ಸಫೇದ (ಬಿಳಿ ಬಣ್ಣ), ಇಂಗಲೀಕದ (ಕೆಂಪು ಬಣ್ಣದ) ಪುಡಿ, ತೆಂಗಿನೆಣ್ಣೆಗಳೂ ಸೇರುತ್ತವೆ. ಪ್ರತಿ ಬಾರಿಯೂ ಅಂಗೈಯಲ್ಲಿಟ್ಟು ಉಜ್ಜಿ ತೊಳೆದರೂ ತಿರುಗಾಟದ, ಅಂದರೆ ಆಟಗಳ ಋತುವಿನ, ನಡುವಿಗೆ ಬರುವಷ್ಟರಲ್ಲಿ ರಂಗಸ್ಥಳದ ಪ್ರತಿ ದೀಪದ ಸುತ್ತಲೂ ಒಂದು ಉಂಗುರ ಕಾಣಿಸತೊಡಗಿತು. ಪ್ರೋಟೀನು ತೆಗೆಯುವ ಮಾತ್ರೆ ಹಾಕಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳಿದರು, ಅದರಿಂದಲೂ ಆಗಲಿಲ್ಲ. ಕೊನೆಗೆ ಕಣ್ಣು ಕೆಂಪಾಗಿ ವೈದ್ಯರಿಗೂ ಔಷಧಕ್ಕೂ ₹1,500ರಷ್ಟು ಹೋಯಿತು. ಆ ಹದಿನೈದು ದಿನಗಳಲ್ಲಿ ಕೈತಪ್ಪಿದ ಅಭಿಮನ್ಯುವಿನ ವೇಷಕ್ಕೆ ಮಾತ್ರ ಬೆಲೆ ಕಟ್ಟಲಾರೆ.

ಆಮೇಲೆ ಹಾಕಿದ, ತಿಂಗಳಿಗೊಮ್ಮೆ ಬದಲಿಸುವ ಸಿಲಿಕಾನ್ ಹೈಡ್ರೋಜೆಲ್ ಮಂತ್ಲಿ ನಿಜಕ್ಕೂ ಒಳ್ಳೆಯ ಲೆನ್ಸ್. ಹಳೆಯದಕ್ಕಿಂತ ಹೆಚ್ಚು ಆಮ್ಲಜನಕವನ್ನು ಕಣ್ಣಿಗೆ ಬಿಡುವುದರಿಂದ ಬೆಳಗಿನವರೆಗೂ ಕಣ್ಣು ಹಗುರವಾಗಿರುತ್ತಿತ್ತು. ಆದರೆ ಅದರ ತಿಂಗಳು ಪ್ಯಾಕು ಒಡೆದ ದಿನದಿಂದ ಶುರುವಾಗುತ್ತದೆಯೇ ಹೊರತು ನಾವು ಹಾಕಿಕೊಂಡ ರಾತ್ರಿಗಳ ಲೆಕ್ಕದಿಂದಲ್ಲ. ಲೆನ್ಸಿಗೆ ₹700, ಸಲ್ಯೂಷನ್ನಿಗೆ ಹತ್ತಿರ ಹತ್ತಿರ ₹200, ಒಟ್ಟು ₹900ನ್ನು ಐದು ಆಟಗಳಿಗೆ ಹಂಚಿದರೆ ಆಟವೊಂದಕ್ಕೆ ₹180 ಬಿತ್ತು. ಡೈಲಿ ಜೋಡಿಗೆ ನಾನು ಕೊಡುವುದು ₹100ರ ಹತ್ತಿರ. ಇಡೀ ತಿರುಗಾಟ ₹3,500ರಲ್ಲಿ ಮುಗಿಯುತ್ತದೆ. ಒಡೆಯದ ಪ್ಯಾಕುಗಳನ್ನು, ಮೇಲೆ ಅಚ್ಚಾದ ದಿನಾಂಕ ಮೀರದಿದ್ದರೆ, ಮಳೆಗಾಲ ದಾಟಿಸಿ ಮುಂದಿನ ತಿರುಗಾಟಕ್ಕೂ ಬಳಸಬಹುದು. ನನ್ನ ಲೆಕ್ಕದಲ್ಲಿ ತಿಂಗಳಿಗೆ ಒಂಬತ್ತು ಆಟಗಳಿಗಿಂತ ಕಡಿಮೆ ಇರುವವರಿಗೆ ಡೈಲಿ, ಹೆಚ್ಚಿರುವವರಿಗೆ ಮಂತ್ಲಿ. ದಿನವೂ ಆಟವಿರುವ ವೃತ್ತಿಮೇಳದ ಗೆಳೆಯರಿಗೆ ನಾನು ಮಂತ್ಲಿಯನ್ನೇ ಹೇಳುತ್ತೇನೆ.

ಹಣಕ್ಕಿಂತಲೂ ಮುಖ್ಯವಾದದ್ದು ಚೌಕಿಯ, ಅಂದರೆ ವೇಷ ಕಟ್ಟುವ ಬಿಡಾರದ, ನೀರು. ಗದ್ದೆಯ ಬದಿಯ ಡ್ರಮ್ಮಿನ ನೀರಾಗಲಿ, ಬಾವಿಯ ನೀರಾಗಲಿ ಲೆನ್ಸಿಗೂ ಅದರ ಡಬ್ಬಿಗೂ ತಾಗಬಾರದು; ದೃಷ್ಟಿಯನ್ನೇ ಕಸಿಯಬಲ್ಲ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಅಂಥ ನೀರಿನಲ್ಲಿರಬಹುದು. ಡೈಲಿಯಲ್ಲಿ ತೊಳೆಯುವುದಕ್ಕೆ ಡಬ್ಬಿಯೇ ಇಲ್ಲ. ಪರಿಮಳವಿಲ್ಲದ ಸೋಪಿನಿಂದ ಕೈ ತೊಳೆದು, ಮನೆಯಿಂದ ತಂದ ನೂಲೇಳದ ಬಟ್ಟೆಯಲ್ಲಿ ಪೂರ್ತಿ ಒರೆಸಿ, ಎಣ್ಣೆ ಮುಟ್ಟುವ ಮೊದಲೇ ಲೆನ್ಸ್ ಹಾಕುತ್ತೇನೆ. ಬೆರಳ ತುದಿಯಲ್ಲಿಟ್ಟು ನೋಡಿದಾಗ ಅಂಚು ಬಟ್ಟಲಿನಂತೆ ನೇರ ನಿಂತಿರಬೇಕು, ಹೊರಕ್ಕೆ ಮಗುಚಿದ್ದರೆ ತಿರುವಿಹಾಕಬೇಕು. ಬಣ್ಣ ಆಮೇಲೆ. ಆಟ ಮುಗಿದ ಮೇಲೆ ಮತ್ತೆ ಕೈ ತೊಳೆದು ಮೊದಲು ಲೆನ್ಸ್ ತೆಗೆದು, ಆಮೇಲೆ ಎಣ್ಣೆ ಹಾಕಿ ಬಣ್ಣ ಒರೆಸಬೇಕು. ಲೆನ್ಸ್ ಹಾಕಿಕೊಂಡು ಚೌಕಿಯಲ್ಲಿ ನಿದ್ದೆ ಮಾಡುವುದು ಕೂಡದು. ವೇಷ ತಡವಾಗಿದ್ದರೆ ಎದ್ದ ಮೇಲೆಯೇ ಹಾಕಿ.

ದೊಂದಿಯ ಭಯಕ್ಕೂ ಉತ್ತರ ಬೇಕೆಂದು ಮಹಿಷಾಸುರನ ಪ್ರವೇಶದ ಹೊತ್ತಿಗೆ, ರಾಳದ ಪುಡಿ ಎರಚುವಾಗ, ಬೇಕೆಂದೇ ಹತ್ತಿರ ನಿಂತು ನೋಡಿದ್ದೇನೆ. ಲೆನ್ಸ್ ಕರಗಲಿಲ್ಲ, ಹೊಗೆಗೆ ಕಣ್ಣು ಒಣಗಿತು, ಅಷ್ಟೇ. ಅಗ್ಗದ ಡೈಲಿ ನಾಲ್ಕೈದು ಗಂಟೆಗೆ ಒಣಗುವುದರಿಂದ ಬೇಗ ಮುಗಿಯುವ ಕಾಲಮಿತಿಯ ಆಟಕ್ಕಷ್ಟೇ ಸಾಕು. ಬೆಳಗಿನವರೆಗಿನ ಆಟಕ್ಕೆ ₹150 ದಾಟುವ ಸಿಲಿಕಾನಿನ ಡೈಲಿಯನ್ನೇ ಇಟ್ಟುಕೊಂಡಿದ್ದೇನೆ. ಡೈಲಿಯನ್ನು ಸಲ್ಯೂಷನ್ನಿನಲ್ಲಿಟ್ಟು ಮರುದಿನ ಹಾಕುವವರನ್ನು ಕಂಡಿದ್ದೇನೆ. ಉಜ್ಜಿ ತೊಳೆದು ಮತ್ತೆ ಬಳಸುವುದಕ್ಕೆಂದು ಆ ಲೆನ್ಸನ್ನು ತಯಾರಿಸಿಲ್ಲ.

ಸಾಲು ಸಾಲು ದಿಗಿಣ ಹಾರಿದರೂ ನನ್ನ ಲೆನ್ಸ್ ಇಂದಿಗೂ ಜಾರಿಲ್ಲ. ಅದಕ್ಕೊಂದು ಉಪಾಯವಿದೆ, ಅದನ್ನು ಎದುರು ಸಿಕ್ಕವರಿಗೆ ಮಾತ್ರ ತೋರಿಸುತ್ತೇನೆ. ₹100ರ ಬೆಲೆಗೆ ಬಾಕ್ಸ್ ಎಲ್ಲಿ ಸಿಗುತ್ತದೆ ಎಂಬುದೂ ಸಂಘದೊಳಗಿನ ಮಾತು. ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದಿರುವ ದೋಷಕ್ಕೆ ಕೊಡುವ ನಂಬರ್) ಇರುವವರಿಗೆ ಬೇಕಾದ ಟೋರಿಕ್ ಡೈಲಿ ದುಬಾರಿಯಾದ್ದರಿಂದ ನನ್ನ ಒಂಬತ್ತು ಆಟಗಳ ಲೆಕ್ಕ ಅವರಿಗೆ ಹೊಂದುವುದಿಲ್ಲ. ಅವರು ಮೊದಲು ಕಣ್ಣಿನ ಬಾಗು ಅಳೆಸಿ, ಅದಕ್ಕೊಪ್ಪುವ ಬೇಸ್ ಕರ್ವ್ (ಲೆನ್ಸಿನ ಒಳಬಾಗು) ತಿಳಿದುಕೊಂಡು, ಟ್ರಯಲ್ ಜೋಡಿಯೊಂದನ್ನು ಹಾಕಿಕೊಂಡು ಮನೆಯಂಗಳದಲ್ಲಿ ಕುಣಿದು ನೋಡಿದ ಮೇಲೆಯೇ ಬಾಕ್ಸಿಗೆ ಹಣ ಕೊಡಲಿ.