ಇಡ್ಲಿ ಪಾತ್ರೆಯಲ್ಲಿ ಸೇಬು

ದೊಡ್ಡವಳಿಗೆ ಎರಡು ವರ್ಷ ತುಂಬಿದರೂ ಅನ್ನದಲ್ಲಿ ಒಂದು ಕ್ಯಾರೆಟ್ ಚೂರು ಸಿಕ್ಕರೆ ಓಕರಿಸುತ್ತಿದ್ದಳು. ತಪ್ಪು ನಮ್ಮದೇ. ವರ್ಷ ದಾಟಿದ ಮೇಲೂ ಎಲ್ಲವನ್ನೂ ಮಿಕ್ಸಿಗೆ ಹಾಕಿ, ನುಣ್ಣಗೆ ಮಾಡಿ, ಚಮಚದಲ್ಲಿ ತಿನ್ನಿಸಿದ್ದೆವು. ಸೇಬು ರುಬ್ಬಿದ್ದು, ಬಾಳೆಹಣ್ಣು ರುಬ್ಬಿದ್ದು, ಬೇಳೆ ಅನ್ನವೂ ರುಬ್ಬಿದ್ದೇ. ಬಾಯಲ್ಲಿ ತುಂಡು ಸಿಕ್ಕರೆ ಏನು ಮಾಡಬೇಕು ಅಂತ ಆ ಮಗುವಿಗೆ ಗೊತ್ತಾಗುವುದಾದರೂ ಹೇಗೆ? ಹಾಗಾಗಿ ಕಳೆದ ನವೆಂಬರಿನಲ್ಲಿ ಚಿಕ್ಕವನಿಗೆ ಆರು ತಿಂಗಳು ತುಂಬಿದಾಗ ಮಿಕ್ಸಿ ಇನ್ನು ಚಟ್ನಿಗೆ ಮಾತ್ರ ಅಂದುಕೊಂಡೆ.

ಇದು ನನ್ನ ಪಾಲಿನ ಕೆಲಸ ಆಗಿದ್ದಕ್ಕೂ ಕಾರಣ ಇದೆ. ಹೆಂಡತಿಯ 26 ವಾರದ ಹೆರಿಗೆ ರಜೆ ಸರಿಯಾಗಿ ಅದೇ ಹೊತ್ತಿಗೆ ಮುಗಿಯಿತು. ಅವಳು ಬೆಳಿಗ್ಗೆ ಏಳೂವರೆಗೆ ಬೆಂಗಳೂರು ಬಸ್ ಹಿಡಿಯುತ್ತಾಳೆ. ಚಿಕ್ಕಬಳ್ಳಾಪುರದಲ್ಲಿ ನನ್ನ ಅಂಗಡಿ ಬಾಗಿಲು ತೆಗೆಯುವುದು ಹತ್ತಕ್ಕೆ. ನಡುವಿನ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ನಾನು, ಪಾಪು, ನನ್ನಮ್ಮ.

ಆರು ತಿಂಗಳು ಅಂತ ಕ್ಯಾಲೆಂಡರ್ ನೋಡಿ ಶುರು ಮಾಡಲಿಲ್ಲ. ಡಾಕ್ಟರು ಮೂರು ವಿಷಯ ಗಮನಿಸಿ ಅಂದಿದ್ದರು. ಕತ್ತು ಗಟ್ಟಿಯಾಗಿ ನಿಂತಿರಬೇಕು, ಸ್ವಲ್ಪ ಆಸರೆ ಕೊಟ್ಟರೆ ನೆಟ್ಟಗೆ ಕೂರಬೇಕು, ಬಾಯಿಗಿಟ್ಟದ್ದನ್ನು ನಾಲಿಗೆ ಹೊರಗೆ ತಳ್ಳಬಾರದು. ಇವನು ನಮ್ಮ ತಟ್ಟೆಗೇ ಕೈ ಹಾಕಲು ಶುರು ಮಾಡಿದ್ದ. ಸರಿ, ಮರುದಿನವೇ ಸೇಬು ತಂದೆ.

ಮೊದಲ ದಿನ ಕುಕ್ಕರಿನಲ್ಲಿ ಒಂದು ವಿಷಲ್ ಕೂಗಿಸಿದೆ. ಮುಚ್ಚಳ ತೆಗೆದರೆ ಸೇಬು ಇಲ್ಲ, ಗಂಜಿ ಇದೆ. ಮತ್ತೆ ಅದೇ ಚಮಚದ ಕಥೆ. ಮರುದಿನ ನೀರಿನಲ್ಲಿ ಬೇಯಿಸಿದೆ. ತುಂಡು ಉಳಿಯಿತು, ರುಚಿಯೆಲ್ಲ ನೀರಿಗೆ ಇಳಿದಿತ್ತು. ಸಿ ಜೀವಸತ್ವವೂ ಹಾಗೇ ನೀರಿಗೆ ಹೋಗುತ್ತದೆ. ಮೂರನೇ ದಿನ ಇಡ್ಲಿ ಪಾತ್ರೆ ಇಳಿಸಿದೆ. ಸುಮ್ನೆ ಎರಡು ದಿನ ಹಾಳು ಮಾಡಿಕೊಂಡೆ ಅನ್ನಿಸಿತು.

ಈಗ ಮಾಡುವ ಕ್ರಮ ಹೀಗಿದೆ. ಸೇಬು ತೊಳೆದು, ಸಿಪ್ಪೆ ಪೂರ್ತಿ ತೆಗೆದು, ಬೀಜ ಮತ್ತು ನಡುವಿನ ಗಟ್ಟಿ ಭಾಗ ತೆಗೆಯುತ್ತೇನೆ. ಸಿಪ್ಪೆ ಬೆಂದರೂ ಕರಗುವುದಿಲ್ಲ, ತೆಳ್ಳಗೆ ಬಿಚ್ಚಿಕೊಂಡು ಅಂಗುಳಿಗೆ ಅಂಟಿ ಕೂರುತ್ತದೆ. ಹೋಳು ನನ್ನ ತೋರುಬೆರಳಿನಷ್ಟು ಉದ್ದ, ಅಷ್ಟೇ ದಪ್ಪ. ಆರು ತಿಂಗಳ ಮಗು ಇಡೀ ಅಂಗೈಯಿಂದ ಮುಷ್ಟಿ ಕಟ್ಟಿ ಹಿಡಿಯುತ್ತದೆ. ಚಿಕ್ಕ ಚೂರು ಕೊಟ್ಟರೆ ಅದು ಮುಷ್ಟಿಯ ಒಳಗೇ ಸಿಕ್ಕಿಕೊಳ್ಳುತ್ತದೆ, ಬಾಯಿಗೆ ಸಿಗುವುದಿಲ್ಲ. ಉದ್ದ ಇದ್ದರೆ ಅರ್ಧ ಕೈಯಲ್ಲಿ, ಅರ್ಧ ಹೊರಗೆ. ಆ ಹೊರಗಿನ ಅರ್ಧವೇ ಅವನ ಊಟ.

ಹಬೆ ಬಂದ ಮೇಲೆ ಹತ್ತು ನಿಮಿಷ. ನಮ್ಮ ಇಡ್ಲಿ ತಟ್ಟೆಗೆ ತೂತಿಲ್ಲ. ಹಾಗಾಗಿ ಸೇಬು ಬಿಟ್ಟ ರಸ ಗುಳಿಯಲ್ಲೇ ನಿಲ್ಲುತ್ತದೆ. ಅದನ್ನು ಚೆಲ್ಲುವುದಿಲ್ಲ, ರಾಗಿ ಸರಿಗೆ ಬೆರೆಸುತ್ತೇನೆ. ಹಿಟ್ಟು ಹಿಟ್ಟಾಗಿರುವ ಸೇಬಾದರೆ ಏಳು ನಿಮಿಷಕ್ಕೇ ಸಾಕು, ಗಡುಸು ಸೇಬು ಹನ್ನೆರಡು ಕೇಳುತ್ತದೆ. ಗಡಿಯಾರಕ್ಕಿಂತ ಬೆರಳನ್ನೇ ನಂಬುತ್ತೇನೆ. ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಮೆಲ್ಲಗೆ ಅದುಮಿದರೆ ಪೂರ್ತಿ ಚಪ್ಪಟೆ ಆಗಬೇಕು. ನಡುವೆ ಗಂಟು ಸಿಕ್ಕರೆ ಮತ್ತೆ ಹಬೆಗೆ. ಬೆರಳಿಗೆ ಸೋಲದ್ದು ಒಸಡಿಗೂ ಸೋಲುವುದಿಲ್ಲ.

ಇಷ್ಟಾದ ಮೇಲೂ ಒಂದು ವಾರ ಪಾಪು ಏನೂ ತಿನ್ನಲಿಲ್ಲ. ಹೋಳು ಹಿಡಿಯುತ್ತಾನೆ, ಜಾರುತ್ತದೆ, ಮತ್ತೆ ಹಿಡಿಯುತ್ತಾನೆ, ಮತ್ತೆ ಜಾರುತ್ತದೆ, ಕೊನೆಗೆ ಅಳು. ಬೇಯಿಸಿದ್ದು ಸಾಲದೇನೋ ಅಂತ ನಾನು ಇನ್ನೂ ಬೇಯಿಸಿದೆ. ಇನ್ನೂ ಜಾರಿತು. ಮೆತ್ತಗಾದಷ್ಟೂ ಲೋಳೆ ಜಾಸ್ತಿ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಬಾಯಿಗೆ ಮೆತ್ತಗಿದ್ದರೆ ಸಾಲದು, ಅದಕ್ಕೆ ಮೊದಲು ಕೈಗೆ ಸಿಗಬೇಕಲ್ವಾ?

ದಾರಿ ತೋರಿಸಿದ್ದು ಅಮ್ಮ, ಅದೂ ಬೈಯುತ್ತಲೇ. "ಹಲ್ಲಿಲ್ಲದ ಕೂಸಿಗೆ ಹೋಳು ಕೊಡ್ತೀಯಲ್ಲೋ, ನಿನಗೆ ಬುದ್ಧಿ ಐತೇನೋ?" ಅಂತ ಮೊದಲ ದಿನದಿಂದಲೂ ಗೊಣಗುತ್ತಿದ್ದರು. ಆವತ್ತು ಅವನ ಅಳು ನೋಡಲಾಗದೆ ಎದ್ದು ಬಂದು, ಹುರಿಹಿಟ್ಟಿನ ಡಬ್ಬ ತೆಗೆದು, ತಟ್ಟೆಯಲ್ಲಿ ಒಂದು ಚಿಟಿಕೆ ಹರಡಿ, ಸೇಬಿನ ಹೋಳನ್ನು ಅದರ ಮೇಲೆ ಉರುಳಿಸಿದರು. ಒಬ್ಬಟ್ಟಿನ ಉಂಡೆಗೆ ಹಿಟ್ಟು ಹಚ್ಚುವ ಹಾಗೆ. ರಾಗಿ ಅರಳು ಬೀಸಿದ ಹಿಟ್ಟು, ಸಕ್ಕರೆ ಬೆಲ್ಲ ಬೆರೆಸದ್ದು. ರಾಗಿ ಅವನಿಗೆ ಆಗಲೇ ಒಗ್ಗಿತ್ತು. ಹೋಳು ಕೈಯಲ್ಲಿ ನಿಂತಿತು. ಬಾಯಿಗೆ ಹೋಯಿತು. ಒಸಡಿನಲ್ಲಿ ಅದುಮಿದ, ಮುಖ ಕಿವುಚಿದ, ಮತ್ತೆ ಅದುಮಿದ. ಅಮ್ಮ ಗೆದ್ದವರ ಹಾಗೆ ನನ್ನ ಕಡೆ ನೋಡಿದರು. ಒಂದು ಎಚ್ಚರ ಮಾತ್ರ: ಹಿಟ್ಟು ತೆಳ್ಳಗೆ ಅಂಟಿರಬೇಕು, ಉಳಿದದ್ದನ್ನು ಕೊಡವಿ ಕೊಡಬೇಕು. ಒಣ ಪುಡಿ ಉಸಿರಿನ ಜೊತೆ ಒಳಗೆ ಹೋದರೆ ಕಷ್ಟ.

ಅಮ್ಮನ ಇನ್ನೊಂದು ಸಲಹೆಗೆ ಮಾತ್ರ ನಾನು ಬಗ್ಗಲಿಲ್ಲ. ಒಂಚೂರು ಜೇನು ಸವರಿ ಕೊಡು ಅಂದರು. ವರ್ಷ ತುಂಬುವ ತನಕ ಜೇನು ಬೇಡವೇ ಬೇಡ. ಅದರಲ್ಲಿ ಬಾಟುಲಿಸಮ್ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಎಳೆ ಮಗುವಿನ ಕರುಳು ಅದನ್ನು ತಡೆಯಲಾರದು. ಒಲೆಯ ಮೇಲೆ ಬಿಸಿ ಮಾಡಿದರೂ ಸಾಯುವಂಥದ್ದಲ್ಲ. "ನಿಮ್ಮನ್ನೆಲ್ಲ ಜೇನು ನೆಕ್ಕಿಸಿಯೇ ಸಾಕಿದ್ದು" ಅಂದರು ಅಮ್ಮ. ನಾನು ಡಬ್ಬ ಎತ್ತಿ ಮೇಲಿಟ್ಟೆ. ಎರಡು ದಿನ ಮಾತು ಕಡಿಮೆ ಇತ್ತು.

ಮುಂದೆ ಬೇರೆ ಹಣ್ಣು. ಒಂದು ಹೊಸ ಹಣ್ಣು ಕೊಟ್ಟರೆ ಎರಡು ಮೂರು ದಿನ ಅದೊಂದೇ ಹೊಸದು, ಏನಾದರೂ ಗಂಧೆ ಎದ್ದರೆ ಯಾವುದರಿಂದ ಅಂತ ಗೊತ್ತಾಗಬೇಕು. ಮರಸೇಬಿಗೆ ಇಪ್ಪತ್ತು ನಿಮಿಷ ಹಿಡಿಯಿತು, ಕಲ್ಲು ಕಲ್ಲು. ಆದರೆ ಬೆಂದ ಮೇಲೆ ಸೇಬಿಗಿಂತ ಚೆನ್ನಾಗಿ ಕೈಯಲ್ಲಿ ನಿಲ್ಲುತ್ತದೆ. ಸೀಬೆ ಹಣ್ಣಿನ ಬೀಜದ ತಿರುಳು ಪೂರ್ತಿ ಕೆರೆದು, ಸಿಪ್ಪೆ ತೆಗೆದು ಹಬೆಯಲ್ಲಿಟ್ಟೆ. ಮನೆಯೆಲ್ಲ ಘಮ ಅಂತು, ಅವನು ಮಾತ್ರ ಉಗಿದ. ಪಪ್ಪಾಯಿ, ಸಪೋಟ ಚೆನ್ನಾಗಿ ಕಳಿತಿದ್ದರೆ ಬೇಯಿಸುವುದೇ ಬೇಡ. ಸಪೋಟದ ಬೀಜಕ್ಕೆ ತುದಿಯಲ್ಲಿ ಕೊಕ್ಕೆ ಇರುತ್ತದೆ, ಎಣಿಸಿ ತೆಗೆಯುತ್ತೇನೆ. ಬಾಳೆಹಣ್ಣಿಗೆ ಚಾಕು ಮುಟ್ಟಿಸುವುದಿಲ್ಲ. ಸಿಪ್ಪೆ ಸುಲಿದು ತುದಿಯಲ್ಲಿ ಬೆರಳು ಒತ್ತಿದರೆ ಅದಾಗಿಯೇ ಉದ್ದಕ್ಕೆ ಮೂರು ಸೀಳಾಗುತ್ತದೆ. ಸೀಳಿದ ಮೈ ತರಿತರಿಯಾಗಿರುವುದರಿಂದ ಜಾರುವುದೂ ಕಡಿಮೆ.

ನಮ್ಮೂರಲ್ಲಿ ಇದ್ದುಕೊಂಡು ದ್ರಾಕ್ಷಿ ಮಾತು ಬಿಡುವುದು ಹೇಗೆ? ತೋಟ ಇರುವ ನೆಂಟರು ಬೆಂಗಳೂರು ಬ್ಲೂ ದ್ರಾಕ್ಷಿ ಬುಟ್ಟಿ ತಂದರು, ಪಾಪುಗೆ ಒಂದು ಕೊಡಿ ಅಂದರು. ಇಡೀ ದ್ರಾಕ್ಷಿ ಮಗುವಿನ ಉಸಿರುನಾಳಕ್ಕೆ ಬಿರಡೆ ಹಾಕಿದಂತೆ ಕೂರುತ್ತದೆ. ನಮ್ಮ ತಳಿಗೆ ಸಿಪ್ಪೆಯೂ ದಪ್ಪ, ಒಳಗೆ ಬೀಜವೂ ಇದೆ, ಅದುಮಿದರೆ ತಿರುಳು ಪುಳಕ್ಕನೆ ಹಾರುತ್ತದೆ. ಬೇಯಿಸಿ, ಜರಡಿಯಲ್ಲಿ ಸೋಸಿ, ಆ ರಸದಲ್ಲಿ ಸೇಬಿನ ಹೋಳು ಅದ್ದಿ ಕೊಟ್ಟೆ. ದೊಡ್ಡವಳಿಗೆ ಈಗಲೂ ಬೀಜವಿಲ್ಲದ ದ್ರಾಕ್ಷಿಯನ್ನೇ ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡುತ್ತೇನೆ.

ಹೆದರಿದ್ದು ಒಂದೇ ಸಲ. ಏಳನೇ ತಿಂಗಳು, ಕೆಳಗೆ ಎರಡು ಹಲ್ಲು ಬಂದಿದ್ದವು. ನಾನು ಫೋನ್ ಎತ್ತಲು ಹೋದ ಒಂದು ನಿಮಿಷದಲ್ಲಿ ದೊಡ್ಡವಳು ಪ್ರೀತಿಯಿಂದ ತನ್ನ ತಟ್ಟೆಯ ಹಸಿ ಸೇಬಿನ ಹೋಳು ಕೊಟ್ಟಿದ್ದಳು. ಎರಡು ಹಲ್ಲು ಕಚ್ಚಿ ತೆಗೆಯಲು ಸಾಕು, ಅಗಿಯಲು ಸಾಲದು. ಪಾಪು ಮುಖ ಕೆಂಪಗೆ ಮಾಡಿಕೊಂಡು ಜೋರಾಗಿ ಕೆಮ್ಮುತ್ತಿದ್ದ. ನನ್ನ ಕೈ ತಾನಾಗಿ ಅವನ ಬಾಯಿಯತ್ತ ಹೋಯಿತು. ಹಾಗೇ ತಡೆದುಕೊಂಡೆ. ಕಾಣದ ತುಂಡನ್ನು ಬೆರಳಿನಿಂದ ಹುಡುಕಿದರೆ ಇನ್ನೂ ಒಳಕ್ಕೆ ತಳ್ಳಿದಂತೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಸದ್ದು ಇದ್ದರೆ ಕೆಮ್ಮಲು ಬಿಡಿ, ಸದ್ದು ನಿಂತರೆ ಹೆದರಿ ಅನ್ನುವುದು ಅವರ ಮಾತು. ಕೆಮ್ಮೂ ಇಲ್ಲ, ಅಳುವೂ ಇಲ್ಲ, ತುಟಿ ನೀಲಿ ಅಂದರೆ 108ಕ್ಕೆ ಕರೆ ಮಾಡಲು ಕೂಗಬೇಕು. ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಹೆಗಲ ಮೂಳೆಗಳ ನಡುವೆ ಐದು ಬಲವಾದ ಏಟು. ಹೋಗದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಒಂದು ಅಂಗೈಯ ಬುಡದಿಂದ ಐದು ಒತ್ತು. ತುಂಡು ಹೊರಬರುವ ತನಕ ಇದನ್ನೇ ಮತ್ತೆ ಮತ್ತೆ. ನನಗೆ ಇದ್ಯಾವುದೂ ಬೇಕಾಗಲಿಲ್ಲ, ತುಂಡು ಕೆಮ್ಮಿನ ಜೊತೆಗೇ ಹೊರಗೆ ಬಿತ್ತು. ಆವತ್ತಿನಿಂದ ಅವನು ತಿನ್ನುವಾಗ ಫೋನ್ ಬೇರೆ ಕೋಣೆಯಲ್ಲಿರುತ್ತದೆ, ಸದ್ದಿಲ್ಲದೆ. ಅವನು ಕೂತೇ ತಿನ್ನಬೇಕು. ಒರಗಿಸಿಕೊಂಡು, ಎತ್ತಿಕೊಂಡು ಓಡಾಡುತ್ತಾ ಕೊಡುವುದಿಲ್ಲ.

ಹಣ್ಣನ್ನೇ ಊಟ ಅಂದುಕೊಳ್ಳಲಿಲ್ಲ. ಆರು ತಿಂಗಳ ಮೇಲೆ ಮಗುವಿಗೆ ಕಬ್ಬಿಣದ ಅಂಶ ಜಾಸ್ತಿ ಬೇಕು, ಸೇಬಿನಲ್ಲಿ ಅದು ಇಲ್ಲ ಅನ್ನುವಷ್ಟು ಕಡಿಮೆ. ಎದೆಹಾಲು, ರಾಗಿ ಸರಿ, ಬೇಳೆ, ಮೊಟ್ಟೆ ಎಲ್ಲ ನಡೆಯುತ್ತಲೇ ಇತ್ತು. ಉಳಿದ ಬೆಂದ ಹೋಳು ಡಬ್ಬದಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಮರುದಿನಕ್ಕೆ ಆಗುತ್ತದೆ. ಅವನು ಬಾಯಿ ಹಾಕಿದ್ದನ್ನು ಮಾತ್ರ ಇಡುವುದಿಲ್ಲ, ಅದು ನನಗೆ.

ಒಂಬತ್ತು ತಿಂಗಳ ಹೊತ್ತಿಗೆ ನೆಲದಲ್ಲಿ ಬಿದ್ದ ಸಾಸಿವೆಯನ್ನೂ ಎರಡು ಬೆರಳಿನಲ್ಲಿ ಎತ್ತಲು ಶುರು ಮಾಡಿದ. ಆಗ ಉದ್ದ ಹೋಳು ಬಿಟ್ಟು ಕಡಲೆಕಾಳಿನಷ್ಟು ಚೂರು ಮಾಡಿದೆ. ಹುರಿಹಿಟ್ಟಿನ ಕೆಲಸವೂ ಮುಗಿಯಿತು.

ಈಗ ಮೇ ತಿಂಗಳು, ಶ್ರೀನಿವಾಸಪುರದ ಮಾವು ಬಂದಿದೆ. ಮೊನ್ನೆ ಅಮ್ಮ ತಾವಾಗಿಯೇ ಬಾದಾಮಿಯ ಕೆನ್ನೆ ಕೊಯ್ದು, ಓಟೆಗೆ ಅಂಟಿದ್ದ ತಿರುಳನ್ನೂ ಮುಕ್ಕಾಲು ಪಾಲು ಕೆರೆದು, ಪಾಪುವಿನ ಎರಡೂ ಕೈಗೆ ಓಟೆ ಕೊಟ್ಟರು. ಓಟೆ ಬಾಯೊಳಗೆ ಹೋಗುವಂಥದ್ದಲ್ಲ, ತರಿ ಇರುವುದರಿಂದ ಜಾರುವುದೂ ಇಲ್ಲ. ಅರ್ಧ ಗಂಟೆ ಮನೆಯಲ್ಲಿ ಸದ್ದೇ ಇಲ್ಲ, ಚೀಪುವ ಸದ್ದು ಬಿಟ್ಟರೆ. ಕೊಡುವ ಮುಂಚೆ ಬಟ್ಟೆ ಮಾತ್ರ ಬಿಚ್ಚಿಬಿಡಿ. ಮಾವಿನ ಕಲೆಗೆ ನಾವು ಆಗಲೇ ಎರಡು ಅಂಗಿ ಕಳೆದುಕೊಂಡಿದ್ದೇವೆ.